ಸ್ನಾಯುವಿನ ಅತಿಚಟುವಟಿಕೆಯಿಂದ ಬರುವ ಮೆಳ್ಳೆಗಣ್ಣು ಮತ್ತು ಅದರ ಶಸ್ತ್ರಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕಣ್ಣಾಸ್ಪತ್ರೆಗಳ ಮೆಳ್ಳೆಗಣ್ಣು ವಿಭಾಗದ ಮುಂದೆ ಚೀಟಿ ಹಿಡಿದು ಕಾಯುವ ತಂದೆತಾಯಂದಿರು ಮತ್ತು ವಯಸ್ಕ ರೋಗಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ವೈದ್ಯರ ತಪಾಸಣೆಗೆ ಬದಲಿಯಲ್ಲ. ವೈದ್ಯರ ಕೊಠಡಿಯೊಳಗೆ ಸಿಗುವ ಸ್ವಲ್ಪ ಸಮಯದಲ್ಲಿ ಸರಿಯಾದ ಪ್ರಶ್ನೆ ಕೇಳಲು ಇವು ನೆರವಾಗಲಿ ಎಂಬುದು ನಮ್ಮ ಆಶಯ.

ನಮ್ಮ ಮಗು ಪಕ್ಕಕ್ಕೆ ನೋಡಿದಾಗ ಒಂದು ಕಣ್ಣು ಮೇಲಕ್ಕೆ ಓಡುತ್ತದೆ. ನೇರವಾಗಿ ನೋಡುವಾಗ ಅಷ್ಟಾಗಿ ಕಾಣುವುದಿಲ್ಲ. ಏನಿದು?

ಪ್ರತಿ ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ತಿರುಗಿಸುತ್ತವೆ. ಅವುಗಳಲ್ಲಿ ನಾಲ್ಕು ನೇರ ಸ್ನಾಯುಗಳು, ಎರಡು ಓರೆ ಸ್ನಾಯುಗಳು. ಕೆಳಗಿನ ಓರೆ ಸ್ನಾಯುವನ್ನು ವೈದ್ಯರು ಇನ್ಫೀರಿಯರ್ ಆಬ್ಲಿಕ್ ಎನ್ನುತ್ತಾರೆ. ಉಳಿದ ಐದು ಸ್ನಾಯುಗಳು ಕಣ್ಣಿನ ಗೂಡಿನ ಹಿಂಭಾಗದಿಂದ ಬಂದರೆ, ಇದೊಂದು ಮಾತ್ರ ಗೂಡಿನ ಮುಂಭಾಗದಲ್ಲಿ, ಮೂಗಿನ ಪಕ್ಕದ ನೆಲದಿಂದ ಹೊರಟು, ಗುಡ್ಡೆಯ ಅಡಿಯಲ್ಲಿ ಓರೆಯಾಗಿ ಸಾಗಿ, ಹೊರಬದಿಯ ಹಿಂಭಾಗಕ್ಕೆ ಅಂಟಿಕೊಳ್ಳುತ್ತದೆ. ಕಣ್ಣು ಮೂಗಿನ ಕಡೆಗೆ ತಿರುಗಿದ್ದಾಗ ಅದನ್ನು ಮೇಲಕ್ಕೆತ್ತುವ ಕೆಲಸ ಹೆಚ್ಚಾಗಿ ಇದರದು. ಈ ಸ್ನಾಯು ಬೇಕಾದುದಕ್ಕಿಂತ ಹೆಚ್ಚು ಎಳೆದರೆ, ಮಗು ಬಲಕ್ಕೆ ನೋಡಿದಾಗ ಎಡಗಣ್ಣು ಮೇಲಕ್ಕೆ ಜಾರುತ್ತದೆ. ಎಡಕ್ಕೆ ನೋಡಿದಾಗ ಬಲಗಣ್ಣು. ಕೆಲವು ಮಕ್ಕಳಲ್ಲಿ ಒಂದೇ ಕಣ್ಣಿನಲ್ಲಿ, ಅನೇಕರಲ್ಲಿ ಎರಡೂ ಕಣ್ಣುಗಳಲ್ಲಿ ಇದು ಕಾಣುತ್ತದೆ. ಊಟ ಮಾಡಿಸುವಾಗ, ಪಕ್ಕದಲ್ಲಿ ಕುಳಿತವರನ್ನು ಮಗು ತಲೆ ತಿರುಗಿಸದೆ ನೋಡುವಾಗ, ತಾಯಿಯ ಕಣ್ಣಿಗೇ ಇದು ಮೊದಲು ಬೀಳುತ್ತದೆ. ತಪಾಸಣೆಯ ವೇಳೆ ತಾಯಿ ಹೇಳುವ ಈ ಮಾತನ್ನು ಯಾವ ವೈದ್ಯರೂ ಹಗುರವಾಗಿ ಪರಿಗಣಿಸಬಾರದು.

ಸ್ನಾಯು ಏಕೆ ಹೀಗೆ ಅತಿಯಾಗಿ ಎಳೆಯುತ್ತದೆ?

ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಬೇರೆ ಯಾವ ಸ್ನಾಯುವಿನಲ್ಲೂ ದೌರ್ಬಲ್ಯ ಕಾಣಿಸುವುದಿಲ್ಲ. ಇದು ಹೆಚ್ಚಾಗಿ 1ರಿಂದ 6 ವರ್ಷದೊಳಗೆ ತಲೆದೋರುತ್ತದೆ, ಅದರಲ್ಲೂ ಹುಟ್ಟಿದ ಕೆಲವೇ ತಿಂಗಳಲ್ಲಿ ಕಣ್ಣು ಒಳಮುಖವಾಗಿ ತಿರುಗಿದ ಮಕ್ಕಳಲ್ಲಿ ಬಹಳ ಸಾಮಾನ್ಯ. ಎರಡನೆಯ ಬಗೆಯಲ್ಲಿ ತೊಂದರೆಯ ಮೂಲ ಎದುರಾಳಿ ಸ್ನಾಯುವಿನಲ್ಲಿರುತ್ತದೆ. ಮೇಲಿನ ಓರೆ ಸ್ನಾಯುವಿಗೆ ಮೆದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ನಾಲ್ಕನೆಯದಾದ ಕಪಾಲ ನರವೊಂದೇ ಆಧಾರ. ತಲೆಬುರುಡೆಯೊಳಗೆ ಅತಿ ಉದ್ದದ ದಾರಿ ಸವೆಸುವ, ತೀರ ತೆಳುವಾದ ಈ ನರವು ಹುಟ್ಟಿನಿಂದಲೇ ದುರ್ಬಲವಾಗಿರಬಹುದು, ಅಥವಾ ತಲೆಗೆ ಬಿದ್ದ ಪೆಟ್ಟಿನಿಂದ ಘಾಸಿಗೊಳ್ಳಬಹುದು. ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನದಿಂದ ಬಿದ್ದವರಲ್ಲಿ, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಮೆಟ್ಟಿಲಿಳಿಯುವಾಗ ಎಲ್ಲವೂ ಎರಡೆರಡಾಗಿ ಕಾಣುತ್ತಿದ್ದರೆ, ಈ ನರದ ಕಡೆ ಗಮನ ಹರಿಸಬೇಕು. ಜೋಡೆತ್ತುಗಳಲ್ಲಿ ಒಂದು ಬಳಲಿದರೆ ನೊಗ ಇನ್ನೊಂದರ ಕಡೆಗೆ ವಾಲುವಂತೆ, ಮೇಲಿನ ಓರೆ ಸ್ನಾಯು ಸೋತಾಗ ಕೆಳಗಿನದರ ಎಳೆತ ಮೇಲುಗೈ ಪಡೆಯುತ್ತದೆ.

ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ ಮೇಲಿನ ಓರೆ ಸ್ನಾಯುವೇ ಅತಿಯಾಗಿ ಎಳೆಯುವುದೂ ಉಂಟು. ಆಗ ಮೂಗಿನ ಕಡೆ ತಿರುಗಿದ ಕಣ್ಣು ಕೆಳಕ್ಕೆ ಜಾರುತ್ತದೆ.

ಮಗ ಯಾವಾಗಲೂ ಕುತ್ತಿಗೆ ಒಂದು ಕಡೆಗೆ ವಾಲಿಸುತ್ತಾನೆ. ಅದಕ್ಕೂ ಕಣ್ಣಿಗೂ ಸಂಬಂಧವಿದೆಯೇ?

ಇರುವ ಸಾಧ್ಯತೆ ಸಾಕಷ್ಟಿದೆ, ಮತ್ತು ಈ ಸಂಬಂಧ ಗೊತ್ತಿಲ್ಲದೆ ಕುಟುಂಬಗಳು ಬಹಳ ಅಲೆಯುತ್ತವೆ. ಕುತ್ತಿಗೆಗೆ ಎಣ್ಣೆ ಹಚ್ಚಿ ನೀವಿಸುವುದು, ಫಿಸಿಯೋಥೆರಪಿ, ಮೂಳೆ ವೈದ್ಯರ ಎಕ್ಸ್‌ರೇ ಎಲ್ಲವೂ ಮುಗಿದ ಮೇಲೆ ಕಣ್ಣಿನ ವೈದ್ಯರ ಬಳಿ ಬರುವವರು ಅನೇಕ. ಎಡಗಣ್ಣಿನ ಮೇಲಿನ ಓರೆ ಸ್ನಾಯು ದುರ್ಬಲವಾಗಿದ್ದರೆ ಮಗು ತಲೆಯನ್ನು ಬಲ ಹೆಗಲಿನ ಕಡೆಗೆ ವಾಲಿಸುತ್ತದೆ. ಹಾಗೆ ವಾಲಿಸಿದಾಗ ಎರಡು ಕಣ್ಣುಗಳ ಚಿತ್ರಗಳು ಕೂಡಿ ಒಂದಾಗುತ್ತವೆ. ಇದು ಕೆಟ್ಟ ಅಭ್ಯಾಸವಲ್ಲ. ಎರಡೂ ಕಣ್ಣುಗಳನ್ನು ಜೊತೆಯಾಗಿ ಬಳಸಲು ಮಗುವಿನ ಮೆದುಳು ಕಂಡುಕೊಂಡ ಉಪಾಯ. ಆದ್ದರಿಂದ "ತಲೆ ನೆಟ್ಟಗೆ ಇಟ್ಟುಕೋ" ಎಂದು ಮಗುವನ್ನು ಗದರಬೇಡಿ.

ಮನೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬಹುದು. ಟಿವಿ ನೋಡುತ್ತಿರುವ ಮಗುವಿನ ಒಂದು ಕಣ್ಣನ್ನು ಕೆಲವು ನಿಮಿಷ ಮುಚ್ಚಿದಾಗ ತಲೆ ನೆಟ್ಟಗಾದರೆ ಕಾರಣ ಕಣ್ಣಿನಲ್ಲಿರುವ ಸಂಭವ ಹೆಚ್ಚು. ಎರಡನೆಯದು ಹಳೆಯ ಫೋಟೋಗಳು. ನಾಮಕರಣ, ಮೊದಲ ಹುಟ್ಟುಹಬ್ಬ, ಶಾಲೆಯ ಗುಂಪು ಫೋಟೋ ಇವೆಲ್ಲದರಲ್ಲೂ ತಲೆ ಒಂದೇ ಕಡೆಗೆ ವಾಲಿದ್ದರೆ ಅವನ್ನು ತಪಾಸಣೆಗೆ ತಪ್ಪದೆ ತನ್ನಿ. ವರ್ಷಗಟ್ಟಲೆ ತಲೆ ವಾಲಿಸಿದ ಮಕ್ಕಳಲ್ಲಿ ವಾಲಿದ ಬದಿಯ ಕೆನ್ನೆ ಕೊಂಚ ಕಿರಿದಾಗಿ ಬೆಳೆದಿರುತ್ತದೆ. ಮೂವತ್ತು ದಾಟಿದವರಲ್ಲಿ ಹೊಸದಾಗಿ ಎರಡೆರಡು ಕಂಡಾಗಲೂ ಹಳೆಯ ಫೋಟೋಗಳಲ್ಲಿ ಕಾಣುವ ವಾಲಿದ ತಲೆಯಿಂದ ಇದು ಹುಟ್ಟಿನಿಂದ ಬಂದದ್ದೆಂದು ತಿಳಿಯುತ್ತದೆ. ಆಗ ಅನವಶ್ಯಕವಾದ ಎಷ್ಟೋ ಭಯ ಕಳೆಯುತ್ತದೆ.

ಮೆಳ್ಳೆಗಣ್ಣು ಅದೃಷ್ಟ, ದೊಡ್ಡವನಾದರೆ ಸರಿಹೋಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಕಾಯಬಹುದೇ?

ಕಾಯಬಾರದು. ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕಣ್ಣುಗಳು ಆಗಾಗ ಅತ್ತಿತ್ತ ಹೋಗುವುದು ಸಹಜ. ಮೂಗಿನ ಬುಡ ಅಗಲವಾಗಿರುವ ಕೂಸುಗಳಲ್ಲಿ ಕಣ್ಣು ನೇರವಾಗಿದ್ದರೂ ಓರೆಯಾಗಿರುವಂತೆ ತೋರುವುದೂ ಉಂಟು. ಅದು ಮುಖ ಬೆಳೆದಂತೆ ಮರೆಯಾಗುತ್ತದೆ. "ತಾನಾಗಿ ಸರಿಹೋಯಿತು" ಎಂಬ ಹಿರಿಯರ ಅನುಭವ ಬಹುಪಾಲು ಇಂಥ ಮಕ್ಕಳದು. ನಿಜವಾದ ಮೆಳ್ಳೆಗಣ್ಣಿನಲ್ಲಿ ಮೆದುಳು ಓರೆಯಾದ ಕಣ್ಣಿನ ಚಿತ್ರವನ್ನು ಬದಿಗೆ ಸರಿಸತೊಡಗುತ್ತದೆ. ಏಳೆಂಟು ವರ್ಷದೊಳಗೆ ಇದನ್ನು ತಡೆಯದಿದ್ದರೆ, ರಚನೆಯಲ್ಲಿ ಯಾವ ದೋಷವೂ ಇಲ್ಲದ ಆ ಕಣ್ಣು ಜೀವನಪೂರ್ತಿ ಮಂದವಾಗಿಯೇ ಉಳಿಯಬಹುದು. ಅದೃಷ್ಟವೆಂದು ನಂಬಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡವರನ್ನು ಕಂಡಾಗ ಆಗುವ ಸಂಕಟ ದೊಡ್ಡದು, ಏಕೆಂದರೆ ಅದನ್ನು ತಪ್ಪಿಸಬಹುದಿತ್ತು.

ಇನ್ನೊಂದು ಎಚ್ಚರಿಕೆ: ಮಗುವಿನ ಪಾಪೆಯೊಳಗೆ ಬಿಳಿ ಹೊಳಪು ಕಂಡರೆ, ಅಥವಾ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬಿಳಿಯಾಗಿ ಬಂದರೆ ಒಂದು ವಾರವೂ ತಡಮಾಡಬೇಡಿ. ಕಣ್ಣಿನ ಪೊರೆ ಅಥವಾ ಅಕ್ಷಿಪಟಲದ (ಕಣ್ಣಿನೊಳಗೆ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ) ಗೆಡ್ಡೆ ಕೂಡ ಮೊದಲು ಮೆಳ್ಳೆಗಣ್ಣಾಗಿ ಕಾಣಿಸಿಕೊಳ್ಳಬಹುದು.

ಕನ್ನಡಕ, ಪ್ಯಾಚ್, ಕಣ್ಣಿನ ವ್ಯಾಯಾಮ ಇವುಗಳಿಂದಲೇ ಗುಣವಾಗುವುದಿಲ್ಲವೇ?

ಪ್ಲಸ್ ಪವರ್ ಹೆಚ್ಚಿರುವುದರಿಂದ ಕಣ್ಣು ಒಳಮುಖವಾಗಿ ತಿರುಗುತ್ತಿದ್ದರೆ ಸರಿಯಾದ ಕನ್ನಡಕವೇ ಅದನ್ನು ಪೂರ್ತಿಯಾಗಿ ಅಥವಾ ಭಾಗಶಃ ನೇರ ಮಾಡುತ್ತದೆ. ಕನ್ನಡಕದಿಂದ ನೇರವಾಗುವ ಓರೆಗೆ ಚಾಕು ಹಚ್ಚಬಾರದು. ಆದರೆ ಓರೆ ಸ್ನಾಯುವಿನ ಅತಿ ಎಳೆತವನ್ನು ಕನ್ನಡಕ ಕಡಿಮೆ ಮಾಡುವುದಿಲ್ಲ, ವ್ಯಾಯಾಮವಂತೂ ಇಲ್ಲವೇ ಇಲ್ಲ. ಪೆನ್ಸಿಲ್ ಹಿಡಿದು ಮಾಡುವ ವ್ಯಾಯಾಮಗಳು ಹತ್ತಿರದ ವಸ್ತುವಿನ ಮೇಲೆ ಕಣ್ಣುಗಳನ್ನು ಕೂಡಿಸಲಾಗದವರಿಗೆ ಉಪಯುಕ್ತ. ಅವುಗಳ ವ್ಯಾಪ್ತಿ ಅಷ್ಟೇ.

ಪ್ಯಾಚ್‌ನ ಉದ್ದೇಶ ಬೇರೆ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿ ಮಂದವಾದ ಕಣ್ಣಿಗೆ ಕೆಲಸ ಕೊಡುವುದರಿಂದ ದೃಷ್ಟಿ ಸುಧಾರಿಸುತ್ತದೆ, ಓರೆ ಸುಧಾರಿಸುವುದಿಲ್ಲ. ಸಾಧಾರಣ ಮಾಂದ್ಯವಿರುವ ಮಕ್ಕಳಿಗೆ ದಿನಕ್ಕೆ 2 ಗಂಟೆಯ ಪ್ಯಾಚ್ ಹಲವು ಸಲ ಸಾಕಾಗುತ್ತದೆ, ತೀವ್ರವಾಗಿದ್ದರೆ 6 ಗಂಟೆ ಬೇಕಾಗಬಹುದು. ಸಾಮಾನ್ಯವಾಗಿ ದೃಷ್ಟಿ ಸುಧಾರಿಸಿದ ಮೇಲೆಯೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುತ್ತಾರೆ, ಏಕೆಂದರೆ ಎರಡೂ ಕಣ್ಣುಗಳು ಚೆನ್ನಾಗಿ ಕಂಡರೆ ಮಾತ್ರ ನೇರಗೊಳಿಸಿದ ಕಣ್ಣುಗಳು ನೇರವಾಗಿ ಉಳಿಯುವ ಸಾಧ್ಯತೆ ಹೆಚ್ಚು. ಶಸ್ತ್ರಚಿಕಿತ್ಸೆ ಕಣ್ಣನ್ನು ನೇರ ಮಾಡುತ್ತದೆಯೇ ಹೊರತು ದೃಷ್ಟಿಯನ್ನು ತಂದುಕೊಡುವುದಿಲ್ಲ ಎಂಬ ಮಾತನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಮನಗಾಣಬೇಕು.

ಇಷ್ಟೊಂದು ಸಲ ಅಳತೆ ತೆಗೆಯುವುದು ಏಕೆ? ಪ್ರತಿ ಸಲವೂ ಅದೇ ಪರೀಕ್ಷೆ ಮಾಡುತ್ತಾರೆ.

ಈ ಚಿಕಿತ್ಸೆಯ ಯಶಸ್ಸು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಅಳತೆಯ ಕೊಠಡಿಯಲ್ಲೇ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ದೂರದಲ್ಲಿ ಒಂದು ಆಟಿಕೆ ತೋರಿಸುತ್ತಾ, ಒಂದು ಕಣ್ಣನ್ನು ಮುಚ್ಚಿ ತೆಗೆದು ಇನ್ನೊಂದು ಎತ್ತ ಚಲಿಸುತ್ತದೆ ಎಂದು ನೋಡುತ್ತಾರೆ. ಆಮೇಲೆ ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿದ ಪ್ರಿಸಂಗಳ (ಬೆಳಕಿನ ದಾರಿಯನ್ನು ಬಾಗಿಸುವ ಗಾಜುಗಳ) ಪಟ್ಟಿಯನ್ನು ಕಣ್ಣ ಮುಂದೆ ಸರಿಸುತ್ತಾ, ಚಲನೆ ನಿಂತ ಪ್ರಿಸಂನ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ನೇರ, ಮೇಲೆ, ಕೆಳಗೆ, ಎಡ, ಬಲ ಮತ್ತು ಮೂಲೆಗಳು ಸೇರಿ ಒಂಬತ್ತು ದಿಕ್ಕುಗಳಲ್ಲಿ ಹೀಗೆ ಅಳೆಯಬೇಕು, ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿಯೂ ನೋಡಬೇಕು. ಅತಿಚಟುವಟಿಕೆಗೆ ಸಾಮಾನ್ಯವಾಗಿ 1ರಿಂದ 4ರವರೆಗಿನ ಶ್ರೇಣಿ ಕೊಡುತ್ತಾರೆ. ಮೇಲೆ ನೋಡುವಾಗ ಕಣ್ಣುಗಳು ಪರಸ್ಪರ ದೂರವಾಗಿ, ಕೆಳಗೆ ನೋಡುವಾಗ ಹತ್ತಿರವಾದರೆ, ಆ ವ್ಯತ್ಯಾಸ 15 ಪ್ರಿಸಂ ಅಳತೆಯಷ್ಟಾದರೂ ಇದ್ದರೆ, ಅದಕ್ಕೆ ವಿ ಮಾದರಿ ಎನ್ನುತ್ತಾರೆ. ಕೆಳಗಿನ ಓರೆ ಸ್ನಾಯುವಿನ ಅತಿಚಟುವಟಿಕೆಯೊಂದಿಗೆ ಇದು ಆಗಾಗ ಕಾಣುತ್ತದೆ.

ಅತ್ತು ಹಸಿದ ಮಗುವಿನ ಅಳತೆ ನಂಬಲರ್ಹವಲ್ಲ. ಅದಕ್ಕೇ ಮತ್ತೆ ಬರಹೇಳುತ್ತಾರೆ. ಮೆಜೆಸ್ಟಿಕ್‌ನಿಂದ ಎರಡು ಬಸ್ಸು ಬದಲಾಯಿಸಿ ಬಂದವರಿಗೆ ಇದು ಎಷ್ಟು ಕಷ್ಟವೆಂದು ಗೊತ್ತಿದ್ದೂ ಹೇಳುತ್ತೇವೆ: ಎರಡು ಭೇಟಿಗಳಲ್ಲಿ ಒಂದೇ ಬಗೆಯ ಅಳತೆ ಬರುವವರೆಗೆ ಕಾಯುವುದು ಮಗುವಿಗೆ ಒಳ್ಳೆಯದು. ಮಗು ನಿದ್ದೆ ಮುಗಿಸಿ, ಹೊಟ್ಟೆ ತುಂಬ ತಿಂದು ಬಂದರೆ ಅರ್ಧ ಕೆಲಸ ಆದಂತೆ.

ಕಣ್ಣಿಗೆ ಅಟ್ರೋಪಿನ್ ಮುಲಾಮು ಅಥವಾ ಇತರ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ ಪವರ್ ನೋಡುವುದೂ, ಅಕ್ಷಿಪಟಲ ಪರೀಕ್ಷಿಸುವುದೂ ಕಡ್ಡಾಯ. ಓರೆ ಸ್ನಾಯು ಕಣ್ಣನ್ನು ತನ್ನ ಅಕ್ಷದ ಮೇಲೆಯೇ ಸ್ವಲ್ಪ ಹೊರಳಿಸುವುದರಿಂದ ಆ ಹೊರಳು ಅಕ್ಷಿಪಟಲದ ಚಿತ್ರದಲ್ಲಿ ಕಾಣಿಸುತ್ತದೆ. ಮುಚ್ಚಿದ ಕಣ್ಣು ನಿಧಾನವಾಗಿ ಮೇಲಕ್ಕೆ ತೇಲುವ ಇನ್ನೊಂದು ತೊಂದರೆಯಿದೆ. ಅದು ನೋಡಲು ಇದರಂತೆಯೇ ಇದ್ದರೂ ಅದಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಬೇರೆ. ಎರಡೂ ಒಟ್ಟಿಗಿರಬಹುದು.

ಶಸ್ತ್ರಚಿಕಿತ್ಸೆಗೆ ಸರಿಯಾದ ವಯಸ್ಸು ಯಾವುದು?

ಹುಟ್ಟಿದ ಆರು ತಿಂಗಳೊಳಗೆ ಕಾಣಿಸಿಕೊಂಡ ದೊಡ್ಡ ಒಳಮುಖ ಓರೆಯನ್ನು ಎರಡು ವರ್ಷ ತುಂಬುವ ಮೊದಲೇ ಸರಿಪಡಿಸುವುದು ಒಳ್ಳೆಯದೆಂಬುದು ಬಹುತೇಕ ತಜ್ಞರ ಅಭಿಪ್ರಾಯ. ಓರೆ ಸ್ನಾಯುವಿನ ತೊಂದರೆ ಆಗ ಕಾಣದೆ, ಒಂದೆರಡು ವರ್ಷಗಳ ನಂತರ ತಲೆದೋರಬಹುದು. ಅದು ಮೊದಲ ಶಸ್ತ್ರಚಿಕಿತ್ಸೆ ಕೆಟ್ಟಿತೆಂಬುದರ ಗುರುತಲ್ಲ. ತಲೆ ವಾಲಿಸುವ ಮಕ್ಕಳಲ್ಲಿ ಅಳತೆ ಖಚಿತವಾದ ಮೇಲೆ ತಡಮಾಡಲು ಕಾರಣವಿಲ್ಲ. ಶ್ರೇಣಿ 1ರಷ್ಟೇ ಇದ್ದು, ನೇರ ನೋಟದಲ್ಲಿ ಓರೆಯೂ ತಲೆ ವಾಲುವಿಕೆಯೂ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ನಿಖರವಾಗಿ ಏನು ಮಾಡುತ್ತಾರೆ?

ರೆಪ್ಪೆಗಳನ್ನು ಸಣ್ಣ ಕ್ಲಿಪ್‌ನಿಂದ ಅಗಲಿಸಿ ಹಿಡಿದು, ಬಿಳಿಗುಡ್ಡೆಯನ್ನು ಹೊದ್ದಿರುವ ತೆಳುಪೊರೆಯಲ್ಲಿ, ಕೆಳರೆಪ್ಪೆಯ ಮರೆಯಲ್ಲಿ, ಹೊರಮೂಲೆಯ ಕಡೆಗೆ ಚಿಕ್ಕ ಗಾಯ ಮಾಡುತ್ತಾರೆ. ಮುಖದ ಚರ್ಮಕ್ಕೆ ಚಾಕು ತಾಗುವುದಿಲ್ಲ, ಆದ್ದರಿಂದ ಹೊರಗೆ ಕಲೆ ಉಳಿಯುವುದಿಲ್ಲ. ಆ ಕಿಂಡಿಯೊಳಗಿಂದ ಕೊಕ್ಕೆಯಂಥ ಉಪಕರಣದಿಂದ ಕೆಳಗಿನ ಓರೆ ಸ್ನಾಯುವನ್ನು ಎತ್ತಿ, ಸುತ್ತಲಿನ ಕೊಬ್ಬಿನಿಂದ ಬಿಡಿಸುತ್ತಾರೆ. ಇಲ್ಲಿ ಎರಡು ಎಚ್ಚರಿಕೆಗಳಿವೆ: ಸ್ನಾಯುವಿನ ಹಿಂಬದಿಯ ಎಳೆಗಳು ಕೊಕ್ಕೆಗೆ ಸಿಗದೆ ಉಳಿದರೆ ತೊಂದರೆ ಮರುಕಳಿಸುತ್ತದೆ, ಕೊಬ್ಬಿನ ಕವಚ ಹರಿದರೆ ಗಾಯ ಮಾಗುವಾಗ ಅಂಟಿಕೊಂಡು ಕಣ್ಣಿನ ಚಲನೆಯನ್ನೇ ಬಿಗಿಯಬಹುದು. ಈ ಕೆಲಸಕ್ಕೆ ಮಕ್ಕಳ ಕಣ್ಣು ಮತ್ತು ಮೆಳ್ಳೆಗಣ್ಣಿನಲ್ಲಿ ವಿಶೇಷ ತರಬೇತಿ ಪಡೆದವರೇ ಬೇಕೆನ್ನುವುದು ಅದಕ್ಕಾಗಿ.

ಆಮೇಲೆ ಸ್ನಾಯುವಿನ ಬಲವನ್ನು ಕುಗ್ಗಿಸಲು ಮೂರು ಮುಖ್ಯ ದಾರಿಗಳಿವೆ. ಒಂದು, ಸ್ನಾಯುವನ್ನು ಅಂಟಿದ ಜಾಗದಿಂದ ಬಿಡಿಸಿ, ಅದು ಹೊರಡುವ ಕಡೆಗೆ ಲೆಕ್ಕಹಾಕಿದಷ್ಟು ಹಿಂದೆ ಸರಿಸಿ ಹೊಲಿಯುವುದು. 10 ಮಿಲಿಮೀಟರ್, 14 ಮಿಲಿಮೀಟರ್ ಎಂಬ ಅಳತೆಗಳನ್ನು ನೀವು ವರದಿಯಲ್ಲಿ ಕಾಣಬಹುದು. ಇನ್ನೊಂದು, ಸ್ನಾಯುವಿನ ಒಂದು ತುಂಡನ್ನು ಕತ್ತರಿಸಿ ತೆಗೆಯುವುದು. ಇದು ಬೇಗ ಮುಗಿಯುತ್ತದೆ, ಆದರೆ ಹಿಂತಿರುಗಿಸಲು ಬರುವುದಿಲ್ಲ. ಮೂರನೆಯದು ಸ್ನಾಯುವಿನ ತುದಿಯನ್ನು ಮುಂದಕ್ಕೆ ತಂದು ಕೆಳಗಿನ ನೇರ ಸ್ನಾಯುವಿನ ಪಕ್ಕದಲ್ಲಿ ಹೊಲಿಯುವುದು. ಮುಚ್ಚಿದ ಕಣ್ಣು ಮೇಲಕ್ಕೆ ತೇಲುವ ತೊಂದರೆಯೂ ಜೊತೆಗಿದ್ದಾಗ ಇದು ಉಪಯುಕ್ತ. ಒಳಮುಖ ಅಥವಾ ಹೊರಮುಖ ಓರೆಯೂ ಇದ್ದರೆ ಆ ಸ್ನಾಯುಗಳನ್ನೂ ಅದೇ ದಿನ ಸರಿಪಡಿಸುವುದು ವಾಡಿಕೆ. ಹೊಲಿಗೆಯ ದಾರ ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಒಟ್ಟು ಸಮಯ ಸ್ನಾಯುಗಳ ಸಂಖ್ಯೆಯನ್ನು ಅವಲಂಬಿಸಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ.

ಅತಿಯಾಗಿ ಎಳೆಯುವುದು ಮೇಲಿನ ಓರೆ ಸ್ನಾಯುವಾದರೆ ಅದರ ಕಂಡರವನ್ನು (ಸ್ನಾಯುವನ್ನು ಗುಡ್ಡೆಗೆ ಅಂಟಿಸುವ ಹುರಿಯನ್ನು) ಕತ್ತರಿಸಿಯೋ ಉದ್ದಗೊಳಿಸಿಯೋ ಸಡಿಲಿಸುತ್ತಾರೆ. ಎರಡೂ ಕಣ್ಣುಗಳ ಹೊಂದಾಣಿಕೆ ಚೆನ್ನಾಗಿರುವವರಲ್ಲಿ ಇದನ್ನು ಬಹಳ ಯೋಚಿಸಿ ಮಾಡಬೇಕು, ಏಕೆಂದರೆ ಎಲ್ಲವೂ ವಾಲಿದಂತೆ, ಎರಡಾಗಿ ಕಾಣುವ ಹೊಸ ತೊಂದರೆ ಹುಟ್ಟಬಹುದು.

ಕಣ್ಣುಗುಡ್ಡೆಯನ್ನು ಹೊರಗೆ ತೆಗೆಯುತ್ತಾರಂತೆ? ಲೇಸರ್‌ನಲ್ಲಿ ಆಗುವುದಿಲ್ಲವೇ?

ಕಣ್ಣುಗುಡ್ಡೆಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಲೇಸರ್‌ನಿಂದ ಸ್ನಾಯುವನ್ನು ಸರಿಪಡಿಸಲು ಬರುವುದಿಲ್ಲ.

ಚಿಕ್ಕ ಮಗುವಿಗೆ ಪೂರ್ಣ ಅರಿವಳಿಕೆ ಕೊಡುವುದು ಸುರಕ್ಷಿತವೇ?

ಮಕ್ಕಳಿಗೆ ಪೂರ್ಣ ಅರಿವಳಿಕೆ ಅನಿವಾರ್ಯ. ದೊಡ್ಡವರಲ್ಲಿ ಕೆಲವರಿಗೆ ಕಣ್ಣಿನ ಸುತ್ತ ಚುಚ್ಚುಮದ್ದು ಸಾಕು. ಆರೋಗ್ಯವಂತ ಮಗುವಿಗೆ, ತರಬೇತಾದ ಅರಿವಳಿಕೆ ತಜ್ಞರ ಕೈಯಲ್ಲಿ, ಗಂಭೀರ ಅಪಾಯ ಬಹಳ ಅಪರೂಪ. ಕಣ್ಣಿನ ಸ್ನಾಯುವನ್ನು ಎಳೆದಾಗ ಹೃದಯದ ಬಡಿತ ನಿಧಾನವಾಗುವ ಒಂದು ಪ್ರತಿವರ್ತನೆಯಿದೆ. ಇದನ್ನು 1908ರಲ್ಲೇ ಗುರುತಿಸಲಾಗಿದೆ. ಎಳೆತ ಬಿಟ್ಟೊಡನೆ ಬಡಿತ ಮರಳುತ್ತದೆ, ಬೇಕಾದರೆ ಔಷಧವೂ ಸಿದ್ಧವಿರುತ್ತದೆ.

ನಿಮ್ಮ ಕೈಯಲ್ಲಿರುವುದು ಉಪವಾಸದ ನಿಯಮ. ಇಡ್ಲಿ, ಗಂಜಿ, ಬಿಸ್ಕತ್ತು, ಹಸುವಿನ ಹಾಲು ಇವುಗಳಿಗೆ 6 ಗಂಟೆ, ಎದೆಹಾಲಿಗೆ 4 ಗಂಟೆ, ಬರೀ ನೀರಿಗೆ 2 ಗಂಟೆಯ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಮಗು ಅಳುತ್ತದೆಂದು ಅಜ್ಜಿ ಗುಟ್ಟಾಗಿ ಒಂದು ಗುಟುಕು ಹಾಲು ಕುಡಿಸಿದ್ದರೂ ಅದನ್ನು ಮುಚ್ಚಿಡದೆ ಹೇಳಿ. ದಿನ ಮುಂದೂಡಿದರೆ ನಷ್ಟವಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ನೆಗಡಿ, ಕೆಮ್ಮು, ಜ್ವರ ಇದ್ದರೂ ಮೊದಲೇ ತಿಳಿಸಬೇಕು.

ಅಪಾಯಗಳೇನು?

ಹೆಚ್ಚಾಗಿ ಎದುರಾಗುವುದು ಓರೆ ಸ್ವಲ್ಪ ಉಳಿಯುವುದು ಅಥವಾ ಎದುರು ದಿಕ್ಕಿಗೆ ಹೋಗುವುದು. ದೊಡ್ಡವರಿಗೆ ಕೆಲವು ದಿನ ಎರಡೆರಡು ಕಾಣಬಹುದು. ಬಹುಪಾಲು ತಾನೇ ಕಡಿಮೆಯಾಗುತ್ತದೆ. ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ, ಅಡಗಿದ್ದ ಇನ್ನೊಂದು ಕಣ್ಣಿನ ಅತಿಚಟುವಟಿಕೆ ಬೆಳಕಿಗೆ ಬರುವುದುಂಟು. ತುದಿಯನ್ನು ಮುಂದಕ್ಕೆ ತಂದು ಹೊಲಿದವರಲ್ಲಿ ಕಣ್ಣು ಮೇಲೇಳುವುದು ಅಗತ್ಯಕ್ಕಿಂತ ಕಡಿಮೆಯಾಗಬಹುದು. ಸ್ನಾಯುವಿನ ನರದ ಜೊತೆ ಪಾಪೆಯನ್ನು ಕಿರಿದಾಗಿಸುವ ಎಳೆಗಳೂ ಸಾಗುವುದರಿಂದ ಅಪರೂಪಕ್ಕೆ ಪಾಪೆ ಅಗಲವಾಗಿ ಉಳಿಯುತ್ತದೆ. ಹೊಲಿಗೆಯ ಸೂಜಿ ಬಿಳಿಗುಡ್ಡೆಯನ್ನು ತೂರುವುದು, ಕಣ್ಣಿನೊಳಗೆ ಸೋಂಕು ತಗಲುವುದು ಇವು ದೃಷ್ಟಿಗೇ ಅಪಾಯ ತರಬಲ್ಲವು, ಆದರೆ ತೀರ ವಿರಳ. ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ರೆಪ್ಪೆ ಊದಿ ಕೀವು ಬಂದರೆ, ದೃಷ್ಟಿ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಬನ್ನಿ, ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬೇಡಿ.

ಮನೆಗೆ ಬಂದ ಮೇಲೆ ಹೇಗೆ ನೋಡಿಕೊಳ್ಳಬೇಕು?

ಬಹುತೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಮೊದಲ ದಿನ ವಾಂತಿ ಸಾಮಾನ್ಯ. ಕಣ್ಣು ಎರಡು ಮೂರು ವಾರ ಕೆಂಪಗಿರುತ್ತದೆ, ಮೊದಮೊದಲು ಕಣ್ಣೀರಿನಲ್ಲಿ ರಕ್ತದ ಎಳೆಯೂ ಕಾಣಬಹುದು. ಬರೆದುಕೊಟ್ಟ ಹನಿಗಳ ಹೊರತು ಮತ್ತೇನನ್ನೂ ಕಣ್ಣಿಗೆ ಹಾಕಬೇಡಿ. ಹರಳೆಣ್ಣೆ, ಜೇನುತುಪ್ಪ, ಎದೆಹಾಲು, ಕಾಡಿಗೆ ಯಾವುದೂ ಬೇಡ. ಸುಮಾರು ಒಂದು ವಾರ ತಲೆಗೆ ನೀರು ಹಾಕುವಾಗ ಹಣೆಯಿಂದ ಹಿಂದಕ್ಕೆ ಹಾಕಿ. ಎಣ್ಣೆಸ್ನಾನವನ್ನು ಗಾಯ ಮಾಗಿದ ಮೇಲೆ ಮಾಡಿಸಬಹುದು. ಈಜು, ಮಣ್ಣಾಟ ಕೆಲವು ವಾರ ಬೇಡ. ನಮ್ಮ ನಗರದ ರಸ್ತೆಗಳ ದೂಳನ್ನು ನೆನೆದು ಹೇಳುವುದಾದರೆ, ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವ ಬದಲು ಮೊದಲ ಕೆಲವು ದಿನ ಆಟೋ ಅಥವಾ ಮೆಟ್ರೋ ಹಿಡಿಯುವುದು ಲೇಸು. ಸಾಮಾನ್ಯವಾಗಿ ಒಂದು ವಾರದ ನಂತರ ಶಾಲೆಗೆ ಹೋಗಬಹುದು. ಓದಿದರೆ, ಟಿವಿ ನೋಡಿದರೆ ಹೊಲಿಗೆ ಬಿಚ್ಚುವುದಿಲ್ಲ. ಕನ್ನಡಕವನ್ನೂ ಪ್ಯಾಚನ್ನೂ ವೈದ್ಯರು ನಿಲ್ಲಿಸಿ ಎನ್ನುವವರೆಗೆ ಮುಂದುವರಿಸಿ. ಕಣ್ಣು ನೇರವಾಯಿತೆಂದು ಪೋಷಕರು ಪ್ಯಾಚ್ ಬಿಟ್ಟು, ಮಗುವಿನ ದೃಷ್ಟಿ ಮತ್ತೆ ಕುಸಿದ ಸಂದರ್ಭಗಳು ಬೇಕಾದಷ್ಟಿವೆ.

ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆಯೇ?

ಕೆಲವರಿಗೆ ಬೇಕಾಗುತ್ತದೆ, ಮತ್ತು ಇದನ್ನು ಮೊದಲೇ ಹೇಳದಿರುವುದು ರೋಗಿಗೆ ಮಾಡುವ ಅನ್ಯಾಯ. ಸ್ನಾಯುವಿನ ಅಳತೆ ಮಿಲಿಮೀಟರಿನಲ್ಲಿ ಕೈಗೆ ಸಿಗುತ್ತದೆ, ಆದರೆ ಅದನ್ನು ನಡೆಸುವ ಮೆದುಳು ಹೇಗೆ ಸ್ಪಂದಿಸುತ್ತದೆಂದು ಪೂರ್ತಿ ಊಹಿಸಲಾಗದು. ತುಂಬ ಚಿಕ್ಕ ವಯಸ್ಸಿನಲ್ಲಿ ಆರಂಭವಾದ ಓರೆ, ಮಂದ ದೃಷ್ಟಿ, ಒಂದಕ್ಕಿಂತ ಹೆಚ್ಚು ದಿಕ್ಕಿನ ಓರೆ ಇದ್ದಾಗ ಎರಡನೆಯ ಸಲದ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಳೆದ ಮೇಲೆಯೇ ಫಲಿತಾಂಶವನ್ನು ಅಳೆಯಬೇಕು.

ನನಗೀಗ ಮೂವತ್ತೈದು. ಈಗ ಮಾಡಿಸಿ ಪ್ರಯೋಜನವಿದೆಯೇ?

ಇದೆ. ವಯಸ್ಸು ಅಡ್ಡಿಯಲ್ಲ. ತಲೆ ವಾಲಿಸುವುದರಿಂದ ಬರುವ ಕುತ್ತಿಗೆ ನೋವು, ಎರಡೆರಡು ಕಾಣುವುದು, ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಲಾಗದ ಹಿಂಜರಿಕೆ ಇವೆಲ್ಲ ಕಡಿಮೆಯಾಗುತ್ತವೆ. "ಬರೀ ಅಂದಕ್ಕಾಗಿ" ಎಂದು ಇದನ್ನು ತಳ್ಳಿಹಾಕುವವರ ಮಾತಿಗೆ ಕಿವಿಗೊಡಬೇಡಿ; ಓರೆಯಾದ ಕಣ್ಣನ್ನು ಸಹಜ ಸ್ಥಾನಕ್ಕೆ ತರುವುದು ಚಿಕಿತ್ಸೆಯೇ. ಓರೆ ಚಿಕ್ಕದಿದ್ದರೆ ಕನ್ನಡಕದಲ್ಲಿ ಪ್ರಿಸಂ ಕೂರಿಸಿಯೂ ನೋಡಬಹುದು. ಪೆಟ್ಟಿನಿಂದ ನರಕ್ಕೆ ಘಾಸಿಯಾಗಿದ್ದರೆ ತಾನಾಗಿ ಚೇತರಿಸಿಕೊಳ್ಳಲು ಸಾಮಾನ್ಯವಾಗಿ ಆರು ತಿಂಗಳಾದರೂ ಸಮಯ ಕೊಡುತ್ತಾರೆ. ಥೈರಾಯ್ಡ್‌ನಿಂದ ಬಂದ ಓರೆಯಲ್ಲಿಯೂ ಅಳತೆ ಸ್ಥಿರವಾಗುವವರೆಗೆ ಕಾಯಬೇಕು. ಆದರೆ ಇದ್ದಕ್ಕಿದ್ದಂತೆ ಕಣ್ಣು ಓರೆಯಾಗಿ ಎರಡೆರಡು ಕಾಣಿಸಿ, ಜೊತೆಗೆ ತೀವ್ರ ತಲೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಇದ್ದರೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಬೆಂಗಳೂರಿನಲ್ಲಿ ಎಲ್ಲಿ ತೋರಿಸಬೇಕು, ಖರ್ಚಿಗೆ ನೆರವು ಸಿಗುತ್ತದೆಯೇ?

ಚಾಮರಾಜಪೇಟೆಯ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು. ನಗರದ ಇತರ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ, ದತ್ತಿ ಆಸ್ಪತ್ರೆಗಳಲ್ಲಿ ಮತ್ತು ಖಾಸಗಿ ಕಣ್ಣಾಸ್ಪತ್ರೆಗಳಲ್ಲಿಯೂ ವಿಚಾರಿಸಬಹುದು. ಎಲ್ಲಿಗೇ ಹೋದರೂ ಮೆಳ್ಳೆಗಣ್ಣಿನ ತಜ್ಞರು ಯಾವ ದಿನ ಸಿಗುತ್ತಾರೆಂದು ಮೊದಲು ಕೇಳಿಕೊಳ್ಳಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ತಪಾಸಣೆ ಮಾಡಿ ಮುಂದಿನ ಆಸ್ಪತ್ರೆಗೆ ಕಳಿಸುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿ. ಆಧಾರ್ ಮತ್ತು ಪಡಿತರ ಚೀಟಿ ಜೊತೆಗಿರಲಿ. ಖಾಸಗಿ ವಿಮೆಯಾದರೆ ಎರಡೆರಡು ಕಾಣುವುದು, ತಲೆ ವಾಲಿಸುವುದು ಮುಂತಾದ ಲಕ್ಷಣಗಳು ವೈದ್ಯರ ಪತ್ರದಲ್ಲಿ ಸ್ಪಷ್ಟವಾಗಿ ನಮೂದಾಗಿರಲಿ.

ಚಿಕ್ಕ ಮಗಳಿಗೂ ತಪಾಸಣೆ ಮಾಡಿಸಬೇಕೇ? ಅವಳ ಕಣ್ಣು ನೇರವಾಗಿಯೇ ಇದೆ.

ಮಾಡಿಸಿ. ಮೆಳ್ಳೆಗಣ್ಣು ಒಂದೇ ಕುಟುಂಬದಲ್ಲಿ ಹಲವರಿಗೆ ಬರುವುದುಂಟು, ಮತ್ತು ಕಣ್ಣು ನೇರವಾಗಿ ಕಂಡರೂ ಪವರ್ ವ್ಯತ್ಯಾಸದಿಂದ ಒಂದು ಕಣ್ಣು ಮಂದವಾಗಿರಬಹುದು. ಮಾತು ಬರುವವರೆಗೂ ಕಾಯಬೇಕಾಗಿಲ್ಲ. ಅಣ್ಣನ ಮುಂದಿನ ತಪಾಸಣೆಯ ದಿನವೇ ಅವಳ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.